ಸಣ್ಣ ಊರಿನ ಕಸಕ್ಕೊಂದು ‘ಬೆಂಗಳೂರು ವಿಧಾನ’

ಕಸದ ರಾಶಿಗಳಿಂದ ಹೆಸರು ಕೆಡಿಸಿಕೊಂಡ ಬೆಂಗಳೂರಿನ ಹೆಸರೇ ಕಸ ವಿಲೇವಾರಿಯ ಒಂದು ವಿಧಾನಕ್ಕೂ ಇದೆ. ಸಾರ್ವಜನಿಕ ಆರೋಗ್ಯದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಕಾಣುವ ಈ ‘ಬೆಂಗಳೂರು ವಿಧಾನ’ ಮಹಾನಗರಕ್ಕಿಂತ, ಒಳಚರಂಡಿ ಇಲ್ಲದ ಸಣ್ಣ ಪಟ್ಟಣಗಳಿಗೆ ಹೇಳಿ ಮಾಡಿಸಿದಂತಿತ್ತು.

ಹಳ್ಳಿಗೆ ಕಸದ ಚಿಂತೆ ಅಷ್ಟಾಗಿ ಇರಲಿಲ್ಲ. ಸಗಣಿ, ಬೂದಿ, ತರಗೆಲೆಯೆಲ್ಲ ತಿಪ್ಪೆ ಸೇರಿ, ಬೇಸಿಗೆಯಲ್ಲಿ ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಪಟ್ಟಣದಲ್ಲಿ ಹೊಲ ದೂರ. ಬೀದಿಯ ಕಸದ ಜೊತೆಗೆ ಕಕ್ಕಸುಗಳಿಂದ ದಿನವೂ ಹೊರಬೇಕಾದ ಮಲವೂ ಇತ್ತು. ಎರಡನ್ನೂ ಊರಾಚೆ ಸುರಿದರೆ ನೊಣ, ನಾತ, ರೋಗ.

ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ ರೂಪಿಸಿದ ಕಾಂಪೋಸ್ಟ್ ಪದ್ಧತಿಯಲ್ಲಿ ಗೊಬ್ಬರವನ್ನು ಆಗಾಗ ತಿರುವಿ ಹಾಕಬೇಕಿತ್ತು. ಕೃಷಿಕ್ಷೇತ್ರದಲ್ಲಿ ಅದು ಸರಿ. ಮಲ ಬೆರೆತ ಗುಂಡಿಯನ್ನು ತಿರುವುವವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1930ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ ವಿಧಾನ ಈ ಕೆಲಸವನ್ನೇ ತಪ್ಪಿಸಿತು.

ಊರಿನಿಂದ ಅರ್ಧ ಮೈಲಿಯಾಚೆ ಮೂರಡಿ ಆಳದ ಕಂದಕ. ತಳದಲ್ಲಿ ಆರು ಅಂಗುಲ ಕಸ, ಅದರ ಮೇಲೆ ಎರಡು ಅಂಗುಲ ಮಲ, ಮತ್ತೆ ಕಸ, ಹೀಗೆ ನೆಲದ ಮಟ್ಟಕ್ಕಿಂತ ಒಂದಡಿ ಮೇಲೇರುವ ತನಕ. ಕೊನೆಯದು ಕಸದ ಪದರವೇ ಆಗಿರಬೇಕು. ಅಗೆದ ಮಣ್ಣನ್ನೇ ಅದರ ಮೇಲೆ ಮುಚ್ಚಿದರೆ ಮುಗಿಯಿತು. ವಾರದೊಳಗೆ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿ ಎರಡು ಮೂರು ವಾರ ಉಳಿಯುತ್ತದೆ. ರೋಗಾಣು, ನೊಣದ ಮರಿಗಳನ್ನು ಸುಡುವುದು ಆ ಶಾಖವೇ. ನಾಲ್ಕರಿಂದ ಆರು ತಿಂಗಳಲ್ಲಿ ವಾಸನೆಯಿಲ್ಲದ ಗೊಬ್ಬರ ಸಿದ್ಧ. ಪುರಸಭೆಯ ಕಸದ ಅಂಗಳ ಹೀಗೆ ಊರಿಗೂ ಹೊಲಕ್ಕೂ ನಡುವಿನ ತಂಗುದಾಣವಾಗಬಲ್ಲದಾಗಿತ್ತು. ರೈತ ದುಡ್ಡು ಕೊಟ್ಟು ಒಯ್ಯುವ ಸರಕನ್ನು ಯಾವ ಪುರಸಭೆ ತಾನೇ ಬೇಡವೆನ್ನುತ್ತದೆ?

ಆದರೆ ಪಠ್ಯದಲ್ಲಿ ‘ಎರಡು ಅಂಗುಲ ಮಲ’ ಎಂದು ಬರೆಯುವುದು ಸುಲಭ. ಅದು ಕಂದಕದವರೆಗೆ ಬರುತ್ತಿದ್ದುದು ಜಾತಿಯ ಕಾರಣಕ್ಕೇ ಆ ಕೆಲಸಕ್ಕೆ ಕಟ್ಟುಬಿದ್ದವರ ಕೈಯಿಂದ, ಎಷ್ಟೋ ಕಡೆ ಅವರ ತಲೆಯ ಮೇಲೆ. ವಿಜ್ಞಾನ ಗುಂಡಿಯ ಕೆಲಸವನ್ನು ಹಗುರ ಮಾಡಿತೇ ಹೊರತು ಹೊರುವವರ ಪಾಡನ್ನಲ್ಲ. ಕರ್ನಾಟಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು ಬೇಕಾಯಿತು.

ಮಲ ಹೊರುವುದು ನಿಲ್ಲಲೇಬೇಕಿತ್ತು. ಅದರ ಜೊತೆ ಕಂದಕಗಳೂ ಮೂಲೆಗೆ ಸರಿದವು. ರಸಗೊಬ್ಬರ ಬಂದ ಮೇಲೆ ರೈತನ ಗಾಡಿ ಕಸದ ಅಂಗಳದತ್ತ ಬರುವುದು ಕಡಿಮೆಯಾಯಿತು. ಕಸದ ಗುಣವೂ ಬದಲಾಯಿತು: ಬೂದಿ, ಎಲೆ, ಸಿಪ್ಪೆಗಳ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಬ್ಯಾಟರಿ, ಒಡೆದ ಗಾಜು. ಇವನ್ನು ಮಣ್ಣಿನಲ್ಲಿ ಆರು ತಿಂಗಳಲ್ಲ, ಅರವತ್ತು ವರ್ಷ ಮುಚ್ಚಿಟ್ಟರೂ ಗೊಬ್ಬರವಾಗದು.

ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2000ದಲ್ಲಿ ಕಸದ ನಿಯಮಗಳು ಬಂದವು. 2016ರ ನಿಯಮಗಳು ಹಸಿಕಸ, ಒಣಕಸವನ್ನು ಮನೆಯಲ್ಲೇ ಬೇರೆ ಮಾಡಬೇಕೆಂದವು. ಆಚಾರ್ಯರ ಕಂದಕಕ್ಕೆ ಈ ನಿಯಮದ ಅಗತ್ಯವಿರಲಿಲ್ಲ, ಅಂದಿನ ಕಸದಲ್ಲಿ ಬೇರೆ ಮಾಡಬೇಕಾದದ್ದು ಕಡಿಮೆ. ಮನೆಯವರು ಕಲಸಿ ಕೊಟ್ಟದ್ದನ್ನು ಈಗ ಮತ್ತೆ ಬಿಡಿಸಬೇಕಾದವರು ಪೌರಕಾರ್ಮಿಕರು.