ಹಳೆಯ ಬೈಕಿನ ವಯಸ್ಸು ಹೇಳುವುದು ಹೇಗೆ?

ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು ಮತ್ತು ಮೈಸೂರಿನ ಅಭಿಮಾನಿಗಳಿಗೆ ಜಾವಾ ದಿನ. ಆ ಬೆಳಿಗ್ಗೆ ಎರಡೆರಡು ಸೈಲೆನ್ಸರುಗಳ ಸದ್ದು, ಆಯಿಲ್ ಬೆರೆತ ಪೆಟ್ರೋಲಿನ ಹೊಗೆಯ ವಾಸನೆ, ಕ್ರೋಮಿಯಂ ಹೊಳಪಿನ ಟ್ಯಾಂಕುಗಳು ರಸ್ತೆಗಿಳಿಯುತ್ತವೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಹಳೆಯ ಮನೆಗಳ ಗೇಟಿನ ಒಳಗೆ ಇಂತಹ ಬೈಕುಗಳನ್ನು ಇಂದಿಗೂ ಕಾಣಬಹುದು. ಅವು ಸೇರಿದ ಕಡೆಯಲ್ಲೆಲ್ಲ ಕೇಳಿಬರುವ ಮೊದಲ ಪ್ರಶ್ನೆ ಬೆಲೆಯದ್ದೂ ಅಲ್ಲ, ವೇಗದ್ದೂ ಅಲ್ಲ. "ಸಾರ್, ಇದು ಒರಿಜಿನಲ್ಲಾ, ಕಟ್ಟಿಸಿದ್ದಾ?" ಎಂಬುದೇ ಆ ಪ್ರಶ್ನೆ.

ಕೇಳುವುದಕ್ಕೆ ಇದು ಹವ್ಯಾಸಿಗಳ ಹರಟೆಯಂತೆ ತೋರಬಹುದು. ಆದರೆ ಇದು ಇತಿಹಾಸದ ವಿದ್ಯಾರ್ಥಿಯ ಪ್ರಶ್ನೆಯೂ ಹೌದು, ವಿಜ್ಞಾನದ ವಿದ್ಯಾರ್ಥಿಯ ಪ್ರಶ್ನೆಯೂ ಹೌದು. ಅಳೆಯುವ ಮುನ್ನ ಏನನ್ನು ಅಳೆಯುತ್ತಿದ್ದೇವೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು ಎಂಬುದು ಬಿ.ಎಸ್ಸಿ. ತರಗತಿಯ ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಹಳೆಯ ಯಂತ್ರದ ವಯಸ್ಸು ಎಂದಾಗ ನಾವು ಅಳೆಯುವುದು ಯಾವುದನ್ನು? ಅದು ಕಾರ್ಖಾನೆಯಿಂದ ಹೊರಬಂದ ದಿನವನ್ನೋ, ಅದರ ವಿನ್ಯಾಸ ಹುಟ್ಟಿದ ವರ್ಷವನ್ನೋ, ಅಥವಾ ಅದರೊಳಗೆ ಈಗ ಉಳಿದಿರುವ ಬಿಡಿಭಾಗಗಳನ್ನೋ?

ಪ್ರಾಗ್‌ನಿಂದ ಮೈಸೂರಿಗೆ

ಮೊದಲು ನಮ್ಮ ಮನೆಯಂಗಳದ ಕತೆಯನ್ನೇ ನೋಡೋಣ. 1929ರಲ್ಲಿ ಪ್ರಾಗ್ ನಗರದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ ಅವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿ ಜಾವಾ ಎಂದು ಹೆಸರಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಒಂದು ಹೊಸ 250 ಸಿ.ಸಿ. ಬೈಕನ್ನು ರೂಪಿಸಿದರು; ಯುದ್ಧ ಮುಗಿದ ಕೂಡಲೇ 1946ರಲ್ಲಿ ಅದು ಜಗತ್ತಿನ ಮುಂದೆ ಬಂತು. ಅದರ ಪೀಳಿಗೆಯಲ್ಲೇ 1954ರಲ್ಲಿ ಬಂದದ್ದು 353 ಎಂಬ ಸಂಖ್ಯೆಯ ಮಾದರಿ.

ಜಾವಾ ಬೈಕುಗಳನ್ನು ಮುಂಬಯಿಗೆ ಆಮದು ಮಾಡಿಕೊಳ್ಳುತ್ತಿದ್ದ ರುಸ್ತುಂ ಇರಾನಿ ಹಾಗೂ ಫಾರೂಖ್ ಇರಾನಿ ಅವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 353ರ ಮಾದರಿಯೇ ಇಲ್ಲಿ ಪರವಾನಗಿಯ ಮೇಲೆ ತಯಾರಾಯಿತು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಗೇರ್ ಹಾಕುವ ಪೆಡಲನ್ನೇ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಇದು ಟೂ ಸ್ಟ್ರೋಕ್ ಎಂಜಿನ್. ಅಂದರೆ ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಒಮ್ಮೆ ಇಂಧನ ಉರಿದು ಶಕ್ತಿ ಹುಟ್ಟುತ್ತದೆ. ಬುಲೆಟ್ಟಿನಂತಹ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ. ಕವಾಟಗಳ ಗೋಜಿಲ್ಲದ ಸರಳ ಯಂತ್ರವಾದ್ದರಿಂದ ಊರಿನ ಮೆಕ್ಯಾನಿಕ್ಕುಗಳ ಕೈಗೆ ಅದು ಬೇಗ ಒಗ್ಗಿತು.

1970ರ ದಶಕದಲ್ಲಿ ಟ್ಯಾಂಕಿನ ಮೇಲೆ ಜಾವಾ ಬದಲು ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಾಜ್ದ್ ನಗರದ ನೆನಪಿನ ಹೆಸರದು. 1978ರಲ್ಲಿ ಬಂದ ರೋಡ್‌ಕಿಂಗ್ ಕಾಲೇಜು ಹುಡುಗರ ಕನಸಾಯಿತು. ಮದರಾಸಿನ ಬಳಿಯ ಶೋಳಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದ ರೇಸುಗಳಲ್ಲಿ ಮೈಸೂರಿನ ಬೈಕುಗಳೂ ಓಡಿದವು. ಆದರೆ 1984–85ರ ಹೊತ್ತಿಗೆ ಜಪಾನಿನ ಸಹಯೋಗದ 100 ಸಿ.ಸಿ. ಬೈಕುಗಳು ಬಂದವು. ಅವು ಕಡಿಮೆ ಪೆಟ್ರೋಲ್ ಕುಡಿಯುತ್ತಿದ್ದವು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನೂರಾರು ಕುಟುಂಬಗಳ ಅನ್ನದ ದಾರಿ ಅಲ್ಲಿಗೆ ನಿಂತಿತು. ಕಾರ್ಖಾನೆ ಹೋದ ಮೇಲೆ ಆ ಕೈಕೆಲಸಕ್ಕೆ ಸಾಕ್ಷಿಯಾಗಿ ಉಳಿದದ್ದು ರಸ್ತೆಯ ಮೇಲಿದ್ದ ಬೈಕುಗಳು ಮಾತ್ರ. ಹೀಗಾಗಿ ಯಾವುದು ಒರಿಜಿನಲ್ ಎಂಬ ಪ್ರಶ್ನೆಗೆ ಬರಿಯ ಹೆಮ್ಮೆಗಿಂತ ಹೆಚ್ಚಿನ ತೂಕವಿದೆ.

ಕಾಲು ಊರಿದರೆ ಒಂದು ಅಂಕ

ಈ ಪ್ರಶ್ನೆಗೆ ನಿಯಮದ ರೂಪ ಮೊದಲು ಸಿಕ್ಕಿದ್ದು ಸ್ಪರ್ಧಾಕಣಗಳಲ್ಲಿ. ಅದರಲ್ಲೂ ಟ್ರಯಲ್ಸ್ ಎಂಬ ಸ್ಪರ್ಧೆಯಲ್ಲಿ ಇದು ಬಹಳ ಚರ್ಚೆಯಾಗಿದೆ. ನಮ್ಮಲ್ಲಿ ಹೆಚ್ಚು ಪರಿಚಯವಿಲ್ಲದ ಆಟವಾದ್ದರಿಂದ ಸ್ವಲ್ಪ ವಿವರಿಸಬೇಕು.

ಟ್ರಯಲ್ಸ್ ವೇಗದ ಸ್ಪರ್ಧೆಯಲ್ಲ. ಬಂಡೆ, ಹಳ್ಳ, ಕೆಸರು, ಕಡಿದಾದ ಏರು ಇರುವ ಒಂದು ತುಂಡು ಜಾಗವನ್ನು ಗುರುತು ಮಾಡಿರುತ್ತಾರೆ. ಸವಾರ ನೆಲಕ್ಕೆ ಕಾಲು ತಾಗಿಸದೆ ಅದನ್ನು ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಅದಕ್ಕಿಂತ ಹೆಚ್ಚಾದರೆ ಮೂರು, ದಾಟಲಾಗದಿದ್ದರೆ ಐದು. ಇವು ತಪ್ಪಿನ ಅಂಕಗಳು. ಕಡಿಮೆ ಅಂಕ ಪಡೆದವನೇ ಗೆದ್ದವನು. ಇಲ್ಲಿ ಬೇಕಾದದ್ದು ಸಮತೋಲನ, ನಿಧಾನವಾಗಿ ತಿರುಗುವಾಗಲೂ ನಿಂತುಹೋಗದ ಎಂಜಿನ್, ನೆಲವನ್ನು ಹಿಡಿದುಕೊಳ್ಳುವ ಟೈರು. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ 1909ರಷ್ಟು ಹಿಂದೆಯೇ ಆರಂಭವಾಯಿತು.

ಇದರ ಸೋದರನಂತಿರುವ ಇನ್ನೊಂದು ಸ್ಪರ್ಧೆ 1913ರಲ್ಲಿ ಮೊದಲಾದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್. ಇದು ಬೈಕಿನ ತಾಳಿಕೆಯ ಪರೀಕ್ಷೆ. ಕಾಡು, ಬೆಟ್ಟದ ಹಾದಿಗಳಲ್ಲಿ ಆರು ದಿನ ನಿಗದಿತ ಸಮಯದೊಳಗೆ ಸಾಗಬೇಕು; ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. ಮೈಸೂರಿನ ಜಾವಾದ ತವರುಮನೆಯವರು ಇಲ್ಲಿ ದೊಡ್ಡ ಹೆಸರು ಮಾಡಿದರು. 1970ರಿಂದ 1974ರವರೆಗೆ ಸತತ ಐದು ವರ್ಷ ಚೆಕೊಸ್ಲೊವಾಕಿಯ ತಂಡ ಇದರ ಮುಖ್ಯ ಟ್ರೋಫಿಯನ್ನು ಗೆದ್ದಿತು.

ನಮಗೆ ಪರಿಚಿತವಾದ ಬುಲೆಟ್ಟಿಗೂ ಟ್ರಯಲ್ಸ್ ನಂಟಿದೆ. ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿ ಹಿಂದಿನ ಚಕ್ರಕ್ಕೂ ಷಾಕ್ ಅಬ್ಸಾರ್ಬರ್ ಇರುವ ಬುಲೆಟ್ಟನ್ನು 1948ರಲ್ಲಿ ಮೊದಲು ತೋರಿಸಿದ್ದೇ ಒಂದು ಟ್ರಯಲ್ಸ್ ಸ್ಪರ್ಧೆಯಲ್ಲಿ. ಜಾನಿ ಬ್ರಿಟನ್ ಎಂಬ ಸವಾರ ಬುಲೆಟ್ ಮೇಲೆ ಸ್ಕಾಟ್ಲೆಂಡಿನ ಸ್ಪರ್ಧೆಯನ್ನು 1952 ಮತ್ತು 1957ರಲ್ಲಿ ಗೆದ್ದರು.

1965ರ ಗೆರೆ

ಅಂದಿನ ಟ್ರಯಲ್ಸ್ ಬೈಕುಗಳಲ್ಲಿ ಹೆಚ್ಚಿನವು ಭಾರವಾದ ಬ್ರಿಟಿಷ್ ಫೋರ್ ಸ್ಟ್ರೋಕ್ ಬೈಕುಗಳು. ಸ್ಯಾಮಿ ಮಿಲ್ಲರ್ ಎಂಬ ಪ್ರಸಿದ್ಧ ಸವಾರ 500 ಸಿ.ಸಿ.ಯ ಏರಿಯಲ್ ಬೈಕಿನಲ್ಲಿ 1964ರ ಸ್ಕಾಟಿಷ್ ಟ್ರಯಲ್ ಗೆದ್ದರು. ಅದೇ ವರ್ಷದ ಕೊನೆಗೆ ಅವರು ಸ್ಪೇನಿನ ಬುಲ್ಟಾಕೊ ಕಂಪನಿ ಸೇರಿ, ಹಗುರವಾದ ಟೂ ಸ್ಟ್ರೋಕ್ ಬೈಕೊಂದನ್ನು ರೂಪಿಸಲು ನೆರವಾದರು. 1965ರಲ್ಲಿ ಆ ಬೈಕಿನ ಮೇಲೆ ಅದೇ ಸ್ಪರ್ಧೆಯನ್ನು ಗೆದ್ದರು. ಒಂದು ಯುಗ ಮುಗಿದು ಇನ್ನೊಂದು ಯುಗ ಆರಂಭವಾದದ್ದು ಆಗಲೇ.

ಮುಂದೆ ಹಳೆಯ ಬೈಕುಗಳಿಗಾಗಿಯೇ ಸ್ಪರ್ಧೆ ನಡೆಸಬೇಕೆಂದು ಅಭಿಮಾನಿಗಳು ಹೊರಟಾಗ 1965ನ್ನೇ ಗೆರೆಯಾಗಿ ಎಳೆದರು. ಆ ವರ್ಷಕ್ಕಿಂತ ಹಿಂದಿನ ಬೈಕುಗಳ ವರ್ಗ ಹೀಗೆ ಹುಟ್ಟಿತು. ಸ್ಕಾಟ್ಲೆಂಡಿನಲ್ಲಿ ಇಂತಹ ಸ್ಪರ್ಧೆ 1984ರಿಂದ ನಡೆದುಬಂದಿದೆ. ಗೆರೆ ಎಳೆದದ್ದು ಸುಲಭ, ಕಾಯುವುದು ಕಷ್ಟವಾಯಿತು. ಹಳೆಯ ಎಂಜಿನ್ ಸುತ್ತ ಹೊಸ ಹಗುರ ಲೋಹದ ಚೌಕಟ್ಟು ಬಂತು. ಹಳೆಯ ಹೊರಕವಚದೊಳಗೆ ಹೊಸ ಕಾಲದ ಬಿಡಿಭಾಗಗಳು ಸೇರಿದವು. ನೋಡುವುದಕ್ಕೆ 1960ರ ಬೈಕು, ಓಡುವುದರಲ್ಲಿ ಇಂದಿನ ಬೈಕು. ಇದನ್ನು ಒಪ್ಪಬೇಕೆ? ಬೇಡವೆಂದರೆ ಬಿಡಿಭಾಗ ಸಿಗದ ಸವಾರ ಮನೆಯಲ್ಲೇ ಕೂರಬೇಕು. ಹೌದೆಂದರೆ ಹಣವಿದ್ದವನು ಗೆಲ್ಲುತ್ತಾನೆ.

ಈ ಇಕ್ಕಟ್ಟಿನಿಂದ ಹಲವು ಅಳತೆಗೋಲುಗಳು ಹುಟ್ಟಿದವು. ಒಂದು, ತಯಾರಾದ ವರ್ಷ. ಎರಡು, ವಿನ್ಯಾಸದ ವರ್ಷ: ಭಾಗ ಹೊಸದಾಗಿ ಎರಕ ಹೊಯ್ದದ್ದಾದರೂ ಹಳೆಯ ನಮೂನೆಯಲ್ಲೇ ಇದ್ದರೆ ಸಾಕು. ಮೂರು, ರಚನೆಯ ಲಕ್ಷಣ: ಹಿಂದಿನ ಚಕ್ರಕ್ಕೆ ಎರಡು ಷಾಕ್ ಅಬ್ಸಾರ್ಬರ್, ಗಾಳಿಯಿಂದ ತಣಿಯುವ ಎಂಜಿನ್, ಡ್ರಮ್ ಬ್ರೇಕು ಇದ್ದರೆ ಒಂದು ವರ್ಗ. ಪ್ರತಿಯೊಂದೂ ಒಂದೊಂದು ಬಗೆಯ ಇತಿಹಾಸವನ್ನು ಕಾಪಾಡುತ್ತದೆ, ಇನ್ನೊಂದನ್ನು ಕೈಬಿಡುತ್ತದೆ.

ಬುಲೆಟ್ ಒಡ್ಡುವ ಸವಾಲು

ಈ ಅಳತೆಗೋಲುಗಳನ್ನು ನಮ್ಮ ರಸ್ತೆಗೆ ತಂದು ನೋಡೋಣ. 1955ರಲ್ಲಿ ಬುಲೆಟ್ ತಯಾರಿಕೆ ಮದರಾಸಿಗೆ ಬಂತು. ಇಂಗ್ಲೆಂಡಿನ ಮೂಲ ಕಂಪನಿ 1970ರ ಹೊತ್ತಿಗೆ ಕಣ್ಮುಚ್ಚಿತು. ಮದರಾಸಿನಲ್ಲಿ ಮಾತ್ರ ಹೆಚ್ಚೂಕಡಿಮೆ ಅದೇ ವಿನ್ಯಾಸ ದಶಕಗಳ ಕಾಲ ಮುಂದುವರಿಯಿತು. ಹಾಗಿದ್ದರೆ 1990ರಲ್ಲಿ ತಯಾರಾದ ಬುಲೆಟ್ಟಿನ ವಯಸ್ಸೆಷ್ಟು? ವಿನ್ಯಾಸದ ಲೆಕ್ಕದಲ್ಲಿ ಅದು 1950ರ ದಶಕದ ಬೈಕು. ತಯಾರಿಕೆಯ ಲೆಕ್ಕದಲ್ಲಿ ಅದಕ್ಕಿಂತ ಬಹಳ ಕಿರಿಯದು. ಮೈಸೂರಿನ 1968ರ ಜಾವಾಕ್ಕೂ ಇದೇ ಮಾತು: ವಿನ್ಯಾಸ 1954ರದ್ದು, ಲೋಹ 1968ರದ್ದು.

ತದ್ವಿರುದ್ಧ ಉದಾಹರಣೆಯೂ ಉಂಟು. 2018ರ ನವೆಂಬರಿನಲ್ಲಿ ಹೊಸ ಕಂಪನಿಯೊಂದರ ಮೂಲಕ ಜಾವಾ ಹೆಸರು ಮರಳಿ ಬಂತು. ಹಳೆಯ ಟ್ಯಾಂಕಿನ ಆಕಾರ, ಎರಡು ಸೈಲೆನ್ಸರ್ ಹಾಗೆಯೇ ಇದ್ದವು. ಒಳಗಿದ್ದದ್ದು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್. 2019ರಲ್ಲಿ ರಾಯಲ್ ಎನ್‌ಫೀಲ್ಡ್ ಜಾನಿ ಬ್ರಿಟನ್ ಅವರ ನೆನಪಿಗೆ ಬುಲೆಟ್ ಟ್ರಯಲ್ಸ್ ಎಂಬ ಮಾದರಿಯನ್ನೂ ತಂದಿತು. ನೋಟ ಹಳೆಯದು, ಜೀವ ಹೊಸದು. ಕಣ್ಣೊಂದನ್ನೇ ನಂಬಿದರೆ ವಯಸ್ಸು ತಿಳಿಯದು ಎಂಬುದಕ್ಕೆ ಇವು ಸಾಕ್ಷಿ.

ನಮ್ಮ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 2021ರ ಜುಲೈವರೆಗೆ ವಿಂಟೇಜ್ ವಾಹನಗಳ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಪ್ರತ್ಯೇಕ ನಿಯಮವಿರಲಿಲ್ಲ. ಆ ತಿಂಗಳು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು, ಮೂಲ ರೂಪದಲ್ಲಿರಬೇಕು, ಚೌಕಟ್ಟು, ಮೈಕಟ್ಟು, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಹೊಸ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ಮುಂದೆ 'ವಿಎ' ಬರುತ್ತದೆ. ಮೊದಲೇ ನೋಂದಣಿಯಾದ ವಾಹನಗಳು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂವೈ' ಸಂಖ್ಯೆಗಳು ನಮ್ಮ ಆಡಳಿತ ಇತಿಹಾಸದ ಗುರುತುಗಳೇ ಆದ್ದರಿಂದ ಇದು ಒಳ್ಳೆಯ ಕೆಲಸ.

ಇಲ್ಲೊಂದು ಲೆಕ್ಕ ಹಾಕಿ ನೋಡಿ. ನಮ್ಮ 1968ರ ಜಾವಾ ಈ ಗೆರೆಯನ್ನು ದಾಟಿದೆ. 1990ರ ಬುಲೆಟ್ 2040ರವರೆಗೆ ಕಾಯಬೇಕು. ಮೈಸೂರಿನ ಕಾರ್ಖಾನೆಯಿಂದ 1996ರಲ್ಲಿ ಹೊರಬಂದ ಕೊನೆಯ ಯೆಜ್ಡಿಗಳು 2046ರವರೆಗೆ ಕಾಯಬೇಕು. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಅವು ಇತಿಹಾಸವಲ್ಲ, ಬರಿಯ ಹಳೆಯ ಗಾಡಿಗಳು. ಗುಜರಿಗೆ ಹೋಗುವ ಅಪಾಯ ಹೆಚ್ಚಿರುವುದು ಈ ನಡುವಯಸ್ಸಿನಲ್ಲೇ.

ಇನ್ನೂ ಒಂದು ತೊಡಕಿದೆ. ವಿಂಟೇಜ್ ನೋಂದಣಿ ಪಡೆದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಕೆಂಗೇರಿಯಿಂದ ಪ್ರತಿದಿನ ಜಾವಾದಲ್ಲೇ ಕೆಲಸಕ್ಕೆ ಹೋಗುವವರು ಗೌರವದ ಫಲಕ ಬೇಕೋ, ಓಡಾಟ ಬೇಕೋ ಎಂದು ಆರಿಸಿಕೊಳ್ಳಬೇಕಾಗುತ್ತದೆ. ದುಡಿಯಲೆಂದೇ ಹುಟ್ಟಿದ ಯಂತ್ರವನ್ನು ನಿಲ್ಲಿಸಿ ಕಾಪಾಡುವುದೋ, ಓಡಿಸುತ್ತ ಕಾಪಾಡುವುದೋ ಎಂಬುದಕ್ಕೆ ಅಭಿಮಾನಿಗಳಲ್ಲೇ ಒಮ್ಮತವಿಲ್ಲ.

ಲೇತಿನ ಮುಂದಿನ ಇತಿಹಾಸಕಾರರು

ಓಡುವ ಯಂತ್ರ ಸವೆಯುತ್ತದೆ. ಮೂಲ ಕಾರ್ಖಾನೆ ಇಲ್ಲದ ಮೇಲೆ ಬಿಡಿಭಾಗ ಎಲ್ಲಿಂದ? ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ, ರಾಜಾಜಿನಗರ ಕೈಗಾರಿಕಾ ಪ್ರದೇಶ ಹಾಗೂ ಮಾಗಡಿ ರಸ್ತೆಯ ಆಸುಪಾಸಿನ ಸಣ್ಣ ಲೇತ್ ವರ್ಕ್‌ಷಾಪುಗಳು ಈ ಕೊರತೆಯನ್ನು ತುಂಬುತ್ತವೆ. ಸಿಲಿಂಡರ್ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಕೂರಿಸುವುದು, ಹೊಸ ಬುಷ್ ತಿರುಗಿಸುವುದು, ಕ್ರ್ಯಾಂಕನ್ನು ಬಿಚ್ಚಿ ಮತ್ತೆ ಜೋಡಿಸುವುದು ಇಲ್ಲಿನ ಕುಶಲಕರ್ಮಿಗಳ ನಿತ್ಯದ ಕಾಯಕ. ಊರ ತೇರಿನ ಗಾಲಿ ಬದಲಾಯಿಸಿದರೆ ತೇರು ಬೇರೆಯದಾಯಿತು ಎಂದು ಯಾರೂ ಹೇಳುವುದಿಲ್ಲ. ಬೈಕಿಗೂ ಈ ನ್ಯಾಯ ಸಲ್ಲುತ್ತದೆ, ಆದರೆ ಒಂದು ಮಿತಿಯೊಳಗೆ. ಪಿಸ್ಟನ್, ಚೈನು, ಟೈರು, ಸ್ಪಾರ್ಕ್ ಪ್ಲಗ್ ಸವೆಯುವುದಕ್ಕೆಂದೇ ಇರುವ ವಸ್ತುಗಳು. ಎಂಜಿನ್ ಸಂಖ್ಯೆ, ಚೌಕಟ್ಟಿನ ಮೇಲಿನ ಸಂಖ್ಯೆ, ಆರ್.ಸಿ. ಪುಸ್ತಕದ ನಮೂದು, ಈ ಮೂರೂ ಒಂದಕ್ಕೊಂದು ತಾಳೆಯಾದರೆ ಬೈಕಿನ ಗುರುತು ಉಳಿದಂತೆ. ಸಂಖ್ಯೆಯನ್ನು ಅಳಿಸಿ ಹೊಸದಾಗಿ ಹೊಡೆದರೆ, ಅದು ಶಾಸನದ ಅಕ್ಷರವನ್ನು ಕೆತ್ತಿ ತಿದ್ದಿದಂತೆ. ಎಷ್ಟೇ ಹೊಳಪು ಕೊಟ್ಟರೂ ದಾಖಲೆ ಕೆಟ್ಟಿತು.

ಆದುದರಿಂದ ನಿಜವಾದ ಅಭಿಮಾನಿ ಬಣ್ಣ ಹೊಡೆಸುವ ಮುನ್ನ ಫೋಟೋ ತೆಗೆಯುತ್ತಾನೆ, ಬಿಚ್ಚಿದ ಹಳೆಯ ಭಾಗವನ್ನು ಎಸೆಯದೆ ಇಡುತ್ತಾನೆ, ಏನನ್ನು ಯಾವಾಗ ಬದಲಿಸಿದೆ ಎಂದು ಬರೆದಿಡುತ್ತಾನೆ. ಬದಲಾವಣೆ ಮಾಡುವುದು ತಪ್ಪಲ್ಲ. ಮಾಡಿದ್ದನ್ನು ಮುಚ್ಚಿಡುವುದು ತಪ್ಪು. ಸ್ಪರ್ಧೆಯ ನಿಯಮಾವಳಿಯೂ, ನೋಂದಣಿಯ ಕಾನೂನೂ ಕೊನೆಗೆ ಕೇಳುವುದು ಈ ಪ್ರಾಮಾಣಿಕತೆಯನ್ನೇ.

ವಿದ್ಯಾರ್ಥಿ ಮಿತ್ರರಿಗೆ ಒಂದು ಸಲಹೆ. ನಿಮ್ಮ ಮನೆಯಲ್ಲೋ, ನೆರೆಯಲ್ಲೋ ಹಳೆಯ ಬೈಕು, ಸ್ಕೂಟರು, ಹೊಲಿಗೆ ಯಂತ್ರ ಅಥವಾ ರೇಡಿಯೋ ಇದ್ದರೆ ಅದರ ಸಂಖ್ಯೆಯನ್ನು, ತಯಾರಾದ ಊರನ್ನು, ಕೊಂಡ ವರ್ಷವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಯಾವ ಭಾಗ ಮೂಲದ್ದು, ಯಾವುದು ಬದಲಾದದ್ದು ಎಂದು ಮನೆಯ ಹಿರಿಯರನ್ನು, ರಿಪೇರಿ ಮಾಡಿದವರನ್ನು ಕೇಳಿ ತಿಳಿಯಿರಿ. ಮೈಸೂರಿನ ಕಾರ್ಖಾನೆಯಲ್ಲಿ ದುಡಿದವರು ಯಾರಾದರೂ ಸಿಕ್ಕರೆ ಅವರ ಮಾತನ್ನೂ ದಾಖಲಿಸಿ. 2046ರಲ್ಲಿ ಕೊನೆಯ ಯೆಜ್ಡಿಗೆ 50 ತುಂಬಿದಾಗ, ಅದರ ವಯಸ್ಸಿಗೆ ಸಾಕ್ಷಿ ಹೇಳಲು ಆ ಪುಟಗಳು ಬೇಕಾಗುತ್ತವೆ.