ಮೈಸೂರಿನ ಪಾಕ, ಕೊಯಮತ್ತೂರಿನ ಡಬ್ಬಿ

ಹೆಸರಿನಲ್ಲೇ ಮೈಸೂರು ಇರುವ ತಿಂಡಿ ಕೊಯಮತ್ತೂರಿನ ಗುರುತು ಆದದ್ದು ಹೇಗೆ? ನಮ್ಮ ಕಡೆಯಿಂದ ಚೆನ್ನೈಗೋ ಬೆಂಗಳೂರಿಗೋ ಯಾರಾದರೂ ಹೊರಟರೆ, "ಬರುವಾಗ ಒಂದು ಡಬ್ಬಿ ಮೈಸೂರ್ಪಾ ತಗೊಂಡು ಬಾ" ಅಂತ ಆ ಕಡೆಯವರು ಹೇಳುವುದು ವಾಡಿಕೆ. ಮೈಸೂರಿಗೆ ಹೋಗುವವರಿಗೆ ಹೇಳಬೇಕಾದ ಮಾತು ನಮಗೆ ಹೇಳ್ತಾರೆ. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಇದರ ಒಳಗೆ ನಮ್ಮಂಥವರ ಕಥೆಯೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹುಟ್ಟಿದ ಮನೆ. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಾಕಾಸುರ ಮಾದಪ್ಪ ಅನ್ನುವ ಬಾಣಸಿಗರಿದ್ದರು. ಒಂದು ದಿನ ಅವರು ಕಡಲೆಹಿಟ್ಟು, ಸಕ್ಕರೆ, ತುಪ್ಪ ಸೇರಿಸಿ ಹೊಸದೊಂದು ಸಿಹಿ ಮಾಡಿ ಬಡಿಸಿದರು, ಹೆಸರೇನು ಅಂತ ಮಹಾರಾಜರು ಕೇಳಿದಾಗ "ಮೈಸೂರು ಪಾಕ" ಅಂದುಬಿಟ್ಟರು ಅನ್ನುವುದು ಆ ಮನೆತನದವರು ಹೇಳಿಕೊಂಡು ಬಂದ ಕಥೆ. ಅದೇ ಮನೆತನದ ಗುರು ಸ್ವೀಟ್ ಮಾರ್ಟ್ ಇವತ್ತಿಗೂ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲಿದೆ. ಪಾಕ ಅಂದರೆ ಸಕ್ಕರೆ ಪಾಕ. ತಮಿಳಿನವರ ಬಾಯಲ್ಲಿ ಅದೇ ಮಾತು "ಪಾಗು". ಮೈಸೂರ್ ಪಾಗು ಸವೆದು ಸವೆದು ಮೈಸೂರ್ಪಾ.

ಹಳೇ ಮೈಸೂರು ಪಾಕು ಗಟ್ಟಿ ಜಾತಿಯದು. ಎಳೆಪಾಕಕ್ಕೆ ಹಿಟ್ಟು ಬಿಟ್ಟು, ಕುದಿಯುವ ತುಪ್ಪವನ್ನು ಸೌಟು ಸೌಟಾಗಿ ಸುರಿದರೆ ಅದು ಬುರುಬುರು ಉಬ್ಬುತ್ತದೆ. ಆರಿದಾಗ ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ನಡುವೆ ಶಾಖ ನಿಂತು ಕೆಂಪು, ಅಂಚಿಗೆ ಹಳದಿ. ಕೈ ಒಂದು ಗಳಿಗೆ ತಪ್ಪಿದರೂ ಇಟ್ಟಿಗೆ. ತಮಿಳುನಾಡಿನ ಮನೆಮನೆಗೆ ದೀಪಾವಳಿ ತಿಂಡಿಯಾಗಿ ಹೋದದ್ದು ಈ ಕಷ್ಟದ ಪಾಕವೇ. ತುಪ್ಪ ದುಬಾರಿಯಾದವರಿಗೆ 1937ರಿಂದ ಡಾಲ್ಡಾ ಸಿಗತೊಡಗಿತ್ತು. ಡಾಲ್ಡಾ ಆರಿದರೆ ಇನ್ನೂ ಬಿಗಿ. ತಮಿಳು ವಾರಪತ್ರಿಕೆಗಳ ದೀಪಾವಳಿ ಸಂಚಿಕೆ ತೆರೆದರೆ ಸಾಕು, ಹೊಸ ಹೆಂಡತಿ ಮಾಡಿದ ಮೈಸೂರ್ಪಾ ಕಡಿದು ಹಲ್ಲು ಕಳಕೊಂಡ ಗಂಡನ ನಗೆಹನಿ ಇದ್ದೇ ಇರುತ್ತಿತ್ತು. ಪಾಪ, ಹೆಂಗಸರನ್ನು ಆಡಿಕೊಳ್ಳುವ ನಗೆಯೇ. ಆದರೂ ಒಂದು ಮಾತು ತಿಳೀತದೆ: ಎಲ್ಲರ ಮನೆಯಲ್ಲೂ ಇಲ್ಲದ ತಿಂಡಿಯ ಮೇಲೆ ಯಾರೂ ನಗೆಹನಿ ಕಟ್ಟುವುದಿಲ್ಲ.

ಕೊಯಮತ್ತೂರು ಕಥೆಗೆ ಬರುವುದು ಇಲ್ಲಿ. 1948ರಲ್ಲಿ ಎನ್. ಕೆ. ಮಹಾದೇವ ಅಯ್ಯರ್ ಈ ಊರಲ್ಲಿ ಶ್ರೀ ಕೃಷ್ಣ ಸ್ವೀಟ್ಸ್ ಶುರುಮಾಡಿದರು. ಆ ಅಂಗಡಿ ಹೆಸರು ಮಾಡಿದ್ದು ಮೆತ್ತಗಿನ ಮೈಸೂರ್ಪಾದಿಂದ. ಮೆತ್ತನೆಯ ಬಗೆಯಲ್ಲಿ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು, ತುಪ್ಪ ಧಾರಾಳ ಹಾಕಿ, ಉಬ್ಬಿ ತೂತು ಬೀಳುವ ಮೊದಲೇ ಇಳಿಸುತ್ತಾರೆ. ಕಡಿಯುವುದೇ ಬೇಡ, ನಾಲಗೆ ಮೇಲಿಟ್ಟರೆ ಕರಗಬೇಕು. ಅಂದರೆ ಜನ ಯಾವ ಕುಂದನ್ನು ಆಡಿಕೊಳ್ಳುತ್ತಿದ್ದರೋ ಆ ಕುಂದೇ ಇದರಲ್ಲಿಲ್ಲ. ಮುದುಕರಿಗೂ ಕೊಡಬಹುದು, ಮಗುವಿಗೂ ಕೊಡಬಹುದು. ಡಬ್ಬಿಯಲ್ಲಿ ಪುಡಿಯಾಗದೆ ದೂರದೂರಿಗೂ ಹೋಗುತ್ತದೆ. ಮೈಸೂರಿನ ಹೆಸರು ಇಟ್ಟುಕೊಂಡೇ ಅದು ಬೇರೆ ತಿಂಡಿಯಾಯಿತು ಅನ್ನಬೇಕು.

ಆದರೆ ಒಂದು ಅಂಗಡಿಯ ಕೈಗುಣದಿಂದ ಮಾತ್ರ ಒಂದು ಊರಿಗೆ ಗುರುತು ಬರುವುದಿಲ್ಲ. ಈ ಸೀಮೆಯನ್ನೇ ನೋಡಿ. ಈಗ ತಿರುಪ್ಪೂರು ಜಿಲ್ಲೆಗೆ ಸೇರಿದ ಊತುಕುಳಿ ಬೆಣ್ಣೆ-ತುಪ್ಪಕ್ಕೆ ಹೆಸರುವಾಸಿ. ರೈಲುದಾರಿಯ ಮೇಲಿನ ಊರು ಬೇರೆ. ಉಡುಮಲೈಪೇಟೆ ಕಡೆಯ ಕಪ್ಪುನೆಲದಲ್ಲಿ ಕಡಲೆ ಬೆಳೆ. ಮಡತುಕುಳಂ ಬಳಿ ಕೃಷ್ಣಾಪುರದಲ್ಲಿ ಅಮರಾವತಿ ಸಹಕಾರಿ ಸಕ್ಕರೆ ಕಾರ್ಖಾನೆ. ತುಪ್ಪ, ಕಡಲೆ, ಸಕ್ಕರೆ, ಮೂರೂ ಕೈಯಳತೆಯಲ್ಲಿ.

ಅದಕ್ಕಿಂತ ದೊಡ್ಡದು ಕೊಳ್ಳುವ ಕೈ. 1930ರ ದಶಕದಲ್ಲಿ ಪೈಕಾರದ ವಿದ್ಯುತ್ ಬಂದ ಮೇಲೆ ಕೊಯಮತ್ತೂರಿನ ಸುತ್ತ ನೂಲಿನ ಗಿರಣಿಗಳು ಸಾಲುಸಾಲಾಗಿ ಎದ್ದವು. ಗಿರಣಿ ಅಂದರೆ ದೀಪಾವಳಿ ಬೋನಸ್. ಬೋನಸ್ ಅಂದರೆ ಬಟ್ಟೆ ಮತ್ತು ಸಿಹಿ. ಆಮೇಲೆ ತಿರುಪ್ಪೂರಿನ ಬನಿಯನ್ ಕಂಪನಿಗಳು ಬಂದವು. ಕೆಲಸದವರಿಗೆ ಒಂದೊಂದು ಡಬ್ಬಿ, ಮಾಲು ಕೊಳ್ಳುವವರಿಗೆ ಒಂದೊಂದು ಡಬ್ಬಿ, ಬ್ಯಾಂಕಿನವರಿಗೆ ಒಂದು ಡಬ್ಬಿ ಅಂತ ನೂರಾರು ಡಬ್ಬಿ ಒಟ್ಟಿಗೆ ಕೊಳ್ಳುವ ರೂಢಿ ಬಿತ್ತು. ವ್ಯಾಪಾರಕ್ಕೆ ಬಂದವನು ಊರಿಗೆ ಹೋಗುವಾಗ ಕೈಯಲ್ಲಿ ಹಿಡಿದದ್ದೇ ಆ ಊರಿನ ಗುರುತು. ಹೀಗೆ ಡಬ್ಬಿಯ ಮೇಲೆ ಹತ್ತಿ ಮೈಸೂರು ಪಾಕು ಕೊಯಮತ್ತೂರಿನದಾಯಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಮಾರ್ಮನ್ ಪಂಥದವರು ಬಹಳ. ಅವರ ಹೆಸರಿಗೆ ಅಂಟಿಕೊಂಡ ತಿಂಡಿ ಜೆಲ್-ಓ, ಅಂದರೆ ಬಣ್ಣಬಣ್ಣದ, ಅಲುಗಾಡುವ ಜೆಲ್ಲಿ. ಅದು ಅವರು ಕಂಡುಹಿಡಿದದ್ದೇ ಅಲ್ಲ. 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆ ರಾಯ್ ಅನ್ನುವ ಊರಲ್ಲಿ ಹುಟ್ಟಿದ ಕಂಪನಿ ಮಾಲು. ಆದರೆ ಮಾರ್ಮನ್ನರದು ದೊಡ್ಡ ಕುಟುಂಬ, ಹೆಂಡ-ಕಾಫಿ ನಿಷಿದ್ಧ, ಸಭೆಯ ಊಟಕ್ಕೆ ಮನೆಗೊಂದು ಪಾತ್ರೆ ಹೊತ್ತು ಹೋಗುವ ಪದ್ಧತಿ. ಅಗ್ಗದಲ್ಲಿ ಬೇಗ ಆಗುವ ಸಿಹಿ ಅಲ್ಲಿಗೆ ಸರಿಹೊಂದಿತು. ಹೊರಗಿನವರು ನಕ್ಕರು. ಅವರು ಮುನಿಯದೆ ತಾವೂ ನಕ್ಕರು. 2001ರಲ್ಲಿ ಯೂಟಾ ಶಾಸನಸಭೆಯೇ ಅದನ್ನು ರಾಜ್ಯದ ಮೆಚ್ಚಿನ ತಿಂಡಿ ಅಂತ ನಿರ್ಣಯ ಮಾಡಿತು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸ್‌ಗೆ ಬಂದವರು ಹಸಿರು ಜೆಲ್-ಓ ಬಿಲ್ಲೆಗಾಗಿ ಮುಗಿಬಿದ್ದರು. ಹುಟ್ಟಿಸಿದವರು ಯಾರೋ, ಹೆಸರು ಅಂಟಿದ್ದು ಇನ್ಯಾರಿಗೋ. ನಡುವೆ ಇದ್ದದ್ದು ಬಡಿಸುವ ಕೈ, ಮತ್ತೆ ಬೇರೆಯವರ ನಗೆ.

ನಮ್ಮಲ್ಲಿ ಮಾತ್ರ ನಗೆ ಜಗಳವಾಯಿತು. 2019ರಲ್ಲಿ ಪಳನಿಯ ಪಂಚಾಮೃತಕ್ಕೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು. ಮರು ತಿಂಗಳೇ, ಮೈಸೂರು ಪಾಕದ ಪಟ್ಟ ತಮಿಳುನಾಡಿಗೆ ಹೋಯಿತು ಅಂತ ಒಬ್ಬರು ತಮಾಷೆಗೆ ಹಾಕಿದ ಮಾತು ಮೊಬೈಲಿನಲ್ಲಿ ಓಡಿತು. ಅಂಥ ಪಟ್ಟ ಯಾರಿಗೂ ಕೊಟ್ಟಿರಲಿಲ್ಲ. ಆದರೂ ಟೀವಿಯಲ್ಲಿ ಕೂಗಾಟ, "ನಮ್ಮದು, ನಿಮ್ಮದಲ್ಲ". 2025ರಲ್ಲಿ ಪಾಕಿಸ್ತಾನದ ಜೊತೆ ಕಾದಾಟವಾದಾಗ ಜೈಪುರದ ಕೆಲವು ಅಂಗಡಿಯವರು "ಪಾಕ್" ಬೇಡ ಅಂತ "ಮೈಸೂರು ಶ್ರೀ" ಅಂತ ಹೆಸರು ಬದಲಿಸಿದರು. ಪಾಕ ಅಂದರೆ ಸಕ್ಕರೆ ಪಾಕ ಅಂತ ಬಲ್ಲವರು ತಲೆ ಚಚ್ಚಿಕೊಂಡದ್ದೇ ಬಂತು.

ನಮಗೆ ಈ ಜಗಳ ಬೇರೆ ರೀತಿ ಚುಚ್ಚುತ್ತದೆ. ನಮ್ಮದು ದೇವಾಂಗ ನೇಕಾರರ ಮನೆ. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು. ಮಕ್ಕಳು ಕಲಿಯುವ ಅಕ್ಷರ ತಮಿಳಿನದು. ಮಾತು ಉಳಿದಿದೆ, ಓದು ಉಳಿದಿಲ್ಲ, ಅದಕ್ಕೇ ಇಂಥ ಪುಸ್ತಕ ಅಚ್ಚು ಹಾಕುವ ಗೋಜು. ಎರಡು ರಾಜ್ಯಗಳ ನಡುವೆ ಏನೇ ಆಗಲಿ, ಕಾವೇರಿ ಇರಲಿ, ಪಾಕು ಇರಲಿ, "ನೀವು ಯಾವ ಕಡೆ?" ಅನ್ನುವ ಪ್ರಶ್ನೆ ನಮ್ಮ ಹೊಸ್ತಿಲಿಗೆ ಬರುತ್ತದೆ. ಕೇಳುವವರಿಗೆ ಚರಿತ್ರೆ ನೆನಪಿರುವುದಿಲ್ಲ. 1799ರಲ್ಲಿ ಟಿಪ್ಪು ಬೀಳುವ ತನಕ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯದು. ಇತ್ತ 1956ರ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲೂಕು. ಗೆರೆ ಆಚೀಚೆ ಸರಿದಿದೆ. ಜನ ಇದ್ದಲ್ಲೇ ಇದ್ದು ನೆಯ್ದರು, ಉತ್ತರು, ಉಂಡರು.

ಆದ್ದರಿಂದ ನನ್ನ ಮಾತು ಇಷ್ಟೇ. ಮೈಸೂರು ಪಾಕು ಯಾರದು ಅನ್ನುವುದಕ್ಕೆ ಎರಡು ಉತ್ತರ ಇವೆ, ಎರಡೂ ನಿಜ. ಹುಟ್ಟು, ಹೆಸರು ಮೈಸೂರಿನದು. ಅದನ್ನು ಯಾರೂ ಕಸಿಯಬಾರದು, ಕಸಿದೂ ಇಲ್ಲ. ಕೊಯಮತ್ತೂರಿನವರು ಮೆತ್ತಗೆ ಮಾಡಿದರೇ ಹೊರತು ಮೈಸೂರಿನ ಹೆಸರು ಅಳಿಸಲಿಲ್ಲ. ಬಳಕೆ, ಡಬ್ಬಿ, ದೀಪಾವಳಿ ಕೊಯಮತ್ತೂರಿನದು. ಒಂದು ಊರಿನಲ್ಲಿ ಹುಟ್ಟಿ ಇನ್ನೊಂದು ಊರಿನಲ್ಲಿ ಬೇರೂರಿದ ತಿಂಡಿಗೆ ಎರಡು ಊರು ಇರಬಹುದಾದರೆ, ಮನುಷ್ಯರಿಗೂ ಇರಬಹುದು. ನಮ್ಮ ಮಕ್ಕಳಿಗೆ ಯಾರಾದರೂ ಯಾವ ಕಡೆ ಅಂತ ಕೇಳಿದರೆ ಅವರು ತಲೆ ತಗ್ಗಿಸದೆ, ಎರಡೂ ಮಾತಿನಲ್ಲಿ, ಇದನ್ನೇ ಹೇಳಲಿ.