ಒಂದೇ ಮುಖವಾಡ, ಇಪ್ಪತ್ತೊಂದು ಮುಖ

ಓದುಗರೇ, ಬಾಲ್ಯದಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿದ್ದರೆ ಫ್ಯಾಂಟಮ್ ನಿಮಗೆ ಹೊಸಬನಲ್ಲ. ನಮ್ಮ ದೇಶದಲ್ಲಿ 1964ರಿಂದ 1990ರವರೆಗೆ ಹೊರಬಂದ ಆ ಪುಸ್ತಕಗಳಲ್ಲಿ ಕಾಡಿನ ಜನ ಅವನನ್ನು ಸಾವಿಲ್ಲದವನೆಂದೇ ನಂಬಿದ್ದರು.

ನಿಜ ಬೇರೆಯೇ ಇತ್ತು. ಕಥೆಯ ಪ್ರಕಾರ 1536ರಲ್ಲಿ ಕಡಲ್ಗಳ್ಳರ ದಾಳಿಯಿಂದ ಪಾರಾದ ಯುವಕನೊಬ್ಬ, ತಂದೆಯನ್ನು ಕೊಂದವನ ತಲೆಬುರುಡೆ ಹಿಡಿದು ಅನ್ಯಾಯದ ವಿರುದ್ಧ ಹೋರಾಡುವ ಪ್ರತಿಜ್ಞೆ ಮಾಡಿದ. ಅವನ ನಂತರ ಮಗ, ಆಮೇಲೆ ಮೊಮ್ಮಗ. ಉಡುಪು ಅದೇ, ಉಂಗುರ ಅದೇ. ನಾವು ಹೆಚ್ಚಾಗಿ ಓದಿದ್ದು ಇಪ್ಪತ್ತೊಂದನೆಯವನ ಸಾಹಸ.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಅನಿಸುವುದಿಷ್ಟು: ಎತ್ತರ, ಮೈಕಟ್ಟು ರಕ್ತದಲ್ಲಿ ಬಂದೀತು, ಪ್ರತಿಜ್ಞೆ ಬಾರದು. ಆದ್ದರಿಂದಲೇ ಪ್ರತಿಯೊಬ್ಬನೂ ಗವಿಯಲ್ಲಿ ತನ್ನ ವೃತ್ತಾಂತ ಬರೆದಿಟ್ಟ. ಗುಟ್ಟು ಬಲ್ಲ ಬಂಡಾರ್ ಜನ ಬಾಯಿ ಬಿಡಲಿಲ್ಲ.

ಇದನ್ನು ಹೆಣೆದ ಅಮೆರಿಕದ ಲೀ ಫಾಕ್ 1936ರ ಫೆಬ್ರವರಿ 17ರಂದು ಆರಂಭಿಸಿ, 1999ರಲ್ಲಿ ತೀರಿಕೊಳ್ಳುವವರೆಗೂ ಕಥೆ ಬರೆದರು. ಚಿತ್ರದ ಕೆಲಸ ರೇ ಮೂರ್‌ರಿಂದ ವಿಲ್ಸನ್ ಮೆಕಾಯ್‌ಗೆ, ಮುಂದೆ ಸೈ ಬ್ಯಾರಿಗೆ ದಾಟಿತು. ಫಾಕ್ ಹೋದ ಮೇಲೂ ಕಥೆ ನಿಲ್ಲಲಿಲ್ಲ. ಬೇರೆಯವರು ಲೇಖನಿ ಹಿಡಿದರು.

ಆದರೆ ಒಂದು ಮಾತು ಯೋಚಿಸಿ. ಒಬ್ಬನನ್ನು ಅಮರನೆನ್ನಿಸಲು ಇಪ್ಪತ್ತು ಸಾವುಗಳನ್ನು ಮುಚ್ಚಿಡಬೇಕಾಯಿತು. ಆ ಇಪ್ಪತ್ತು ಮಂದಿಗಾಗಿ ಹೊರಜಗತ್ತಿನಲ್ಲಿ ಯಾರೂ ಅಳಲಿಲ್ಲ.